ನಸುಕಿನ್ಯಾಗ ನಾಲ್ಕೂವರಿಗೆ ರೊಟ್ಟಿ ಬಡಿಯೂದು ಸರಿಯೇನ್ರಿ?

ರಾತ್ರಿಪಾಳಿ_302: ವಿಜಯಪುರದಾಗ ಸೋಲಾಪುರ ರಸ್ತೆ ಕಡಿ ನಮ್ಮ ಅಪಾರ್ಟ್‌ಮೆಂಟ್. ಡ್ಯೂಟಿ ಮುಗಿಸಿ ಬಂದು ನಾ ಮಲಗೂದು ಎರಡೂವರಿಗೆ. ನಾಲ್ಕೂವರಿಗೆ ನೆತ್ತಿ ಮ್ಯಾಲ ರೊಟ್ಟಿ ಬಡಿಯೂದು ಚಾಲೂ. ಮೆಸ್ಸಿಗೆ ಕೊಡೂ ರೊಟ್ಟಿ, ಒಂದೆರಡಲ್ಲ. ನಿನ್ನೆ ಎಣಿಸೀನಿ: ಒಂದು ರೊಟ್ಟಿಗೆ ನಲವತ್ತು ಪೆಟ್ಟು, ಹಂಚಿನ ಮ್ಯಾಲ ಹಾಕೂತನಕ ಒಂದು ಗಳಿಗಿ ಶಾಂತಿ, ಮತ್ತ ನಲವತ್ತು. ಪೈಪ್ ಇಳಿಯೂ ಡಕ್ಟ್ ಅಂತೂ ಗೋಲಗುಮ್ಮಟ ಆಗೇದ, ಒಂದು ಪೆಟ್ಟು ಏಳು ಸಲ ಕೇಳ್ತದ. ನೆರೆಹೊರೆ ಅಂದ್ರ ಇಷ್ಟೇನು?

ರೊಟ್ಟಿಅಕ್ಕ_402: "ಒಂದೆರಡಲ್ಲ" ಅಂದ್ರಲ್ಲ, ಹೌದು, ನೂರಾ ಇಪ್ಪತ್ತು. ದುಡಕೊಂಡು ತಿನ್ನೂದು ತಪ್ಪೇನ್ರಿ? ಮೆಸ್ಸಿನ ಹುಡುಗ ಏಳಕ್ಕ ಬುಟ್ಟಿ ಹಿಡಕೊಂಡು ಬಾಗಲಾಗ ನಿಂತಿರ್ತಾನ.

ಮೈಸೂರಿನವ_104: ಬಡಿಯೋದೇ ಯಾಕೆ? ಲಟ್ಟಣಿಗೆಯಲ್ಲಿ ಲಟ್ಟಿಸಿದರೆ ಸದ್ದೇ ಇರಲ್ಲವಲ್ಲ.

ರೊಟ್ಟಿಅಕ್ಕ_402: ಲಟ್ಟಿಸಿದ್ದಕ್ಕ ನಮ್ಮ ಕಡೆ ಚಪಾತಿ ಅಂತಾರ್ರಿ. ಜೋಳದ ಹಿಟ್ಟಿಗೆ ಗೋದಿಯಂಗ ಜಿಗಿ ಇರಂಗಿಲ್ಲ. ಕುದಿನೀರು ಹಾಕಿ ನಾದಿ, ಅಂಗೈಲೆ ಬಡದು ತಿರುವಿದ್ರನ ಅಂಚು ಸೀಳಲಾರದ ಬರ್ತದ.

ಕಾಯ್ದೆಮಾಮಾ: ಜಿಗಿ ಗಿಗಿ ಬಿಡ್ರಿ. 2000ದ ಶಬ್ದಮಾಲಿನ್ಯ ನಿಯಮ ನೋಡ್ರಿ. ವಸತಿ ಪ್ರದೇಶಕ್ಕ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದ್ರ ಹತ್ತರಿಂದ ಮುಂಜಾನೆ ಆರರ ತನಕ. ನಾ ಮೊಬೈಲಿನ್ಯಾಗ ಅಳದೀನಿ, 52 ತೋರಿಸ್ತು.

ರೊಟ್ಟಿಅಕ್ಕ_402: ಅದ ನಿಯಮದಾಗ ಮಿತಿಗಿಂತ 10 ಹೆಚ್ಚಾದ್ರ ದೂರು ಕೊಡಬಹುದು ಅಂತನೂ ಅದ. ನನ್ನ ಮಗ ಓದಿ ಹೇಳಿದ. 52ರಾಗ 45 ಕಳದು ನೋಡ್ರಿ, ಮಾಮಾ.

ಗುಮ್ಮಟದ_ಓಣ್ಯಾವ: ಎಲ್ಲಾ ಖರೆ, ಆದ್ರ ಗೋಲಗುಮ್ಮಟದಾಗ ಏಳು ಸಲ ಅಲ್ಲ, ಹತ್ತು ಸಲ ಕೇಳ್ತದ. ತಿಳೀಲಾರದ ಬರೀಬ್ಯಾಡ್ರಿ.

ರಾತ್ರಿಪಾಳಿ_302: ಸಾಲಿ ಟ್ರಿಪ್ಪಿನ್ಯಾಗ ಗೈಡ್ ಏಳಂತನ ಹೇಳಿದ್ದ.

ಗುಮ್ಮಟದ_ಓಣ್ಯಾವ: ಗೈಡ್ ಹೇಳಿದ್ದ ವೇದ ಏನು? ನಾ ಹುಟ್ಟಿ ಬೆಳದಿದ್ದ ಅದರ ನೆರಳಾಗ. ಮುಂಜಾನೆ ಬಾಗಲಾ ತಗದ ಕೂಡ್ಲೆ, ಮಂದಿ ಬರೂಕಿಂತ ಮೊದಲ ಹೋಗಿ ಒಂದು ಚಪ್ಪಾಳಿ ಹೊಡೀರಿ. ಹತ್ತು.

ಮೈಸೂರಿನವ_104: ನಾವು ಹೋದಾಗ ಮಕ್ಕಳ ಕಿರುಚಾಟ ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಗುಮ್ಮಟದ_ಓಣ್ಯಾವ: "ಬೇರೇನೂ ಕೇಳಿಸಲಿಲ್ಲ" ಅಂತ! 1656ರಾಗ ಮುಗಿಸಿದ ಕಟ್ಟಡ, ಹೊರಗಿನಿಂದ 44 ಮೀಟರ್ ವ್ಯಾಸದ ಗುಮ್ಮಟ, ನಡುವ ಒಂದ ಒಂದು ಕಂಬ ಇಲ್ಲ. ಈ ಕಡಿ ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ಆ ಕಡಿ ಕೇಳ್ತದ. ಮೊದಲ ಬಾಯಿ ಮುಚ್ಚಿ ಕಿವಿ ತಗೀಬೇಕು.

ಮೈಸೂರಿನವ_104: ಮರ್ಯಾದೆಯಿಂದ ಮಾತಾಡಿ. "ಬಾಯಿ ಮುಚ್ಚಿ" ಅಂದರೆ ಏನರ್ಥ?

ಗುಮ್ಮಟದ_ಓಣ್ಯಾವ: ಗುಮ್ಮಟದ ಒಳಗ ಅಂತ ಅರ್ಥ. ಸಿಟ್ಟು ಯಾಕ್ರಿ?

ಕಾಯ್ದೆಮಾಮಾ: ನಾ ಹನ್ನೊಂದು ಅಂತ ಕೇಳೀನಿ.

ರಾತ್ರಿಪಾಳಿ_302: ಮಾಮಾ, ನಿಮ್ಮ ಮೊಬೈಲಿಲೆ ಅಳದ್ರೇನು? ನಾ ನಿದ್ದಿ ಇಲ್ಲದ ಸಾಯಾಕತ್ತೀನಿ, ನೀವಿಲ್ಲಿ ಏಳು, ಹತ್ತು, ಹನ್ನೊಂದು ಅಂತ ಮಟ್ಕಾ ನಂಬರ್ ಹೇಳಾಕತ್ತೀರಿ!

ಗುಮ್ಮಟದ_ಓಣ್ಯಾವ: ಮೊದಲು ಏಳು ಅಂತ ತಗದವ್ರು ನೀವ.

ಪ್ಲಂಬರ್‌ಅಣ್ಣ: ಒಂದು ಮಾತು. ಇದು ಡಕ್ಟಿನ ಸದ್ದಲ್ಲ. ಅಕ್ಕನ ಅಡಗಿಮನಿ ಕಟ್ಟಿ ಗ್ವಾಡಿಗೆ ಕಚ್ಚೇದ, ಕಲ್ಲಿಗೆ ಬಿದ್ದ ಪೆಟ್ಟು ಸ್ಲ್ಯಾಬಿನಿಂದ ಸೀದಾ ಕೆಳಗ ಇಳೀತದ. ಕಟ್ಟಿ ಬಿಟ್ಟು ನೆಲದ ಮ್ಯಾಲ ಗೋಣಿಚೀಲ ನಾಲ್ಕು ಮಡಿ ಮಾಡಿ ಹಾಕಿ, ಅದರ ಮ್ಯಾಲ ಕೊಣಮಿಗಿ, ಅಂದ್ರ ಹಿಟ್ಟು ನಾದೂ ಮರದ ಪರಾತ, ಇಟಗೊಂಡು ಬಡೀರಿ. ಹಳ್ಯಾಗ ನಮ್ಮವ್ವ ಹಂಗ ಕುಂಡರ್ತಿದ್ಲು.

ರೊಟ್ಟಿಅಕ್ಕ_402: "ನೆಲದ ಮ್ಯಾಲ" ಅಂತ ಹೇಳೂದು ಸಸಾರ. ನನ್ನ ಮೊಣಕಾಲಿಗೆ ಕೇಳ್ರಿ.

ರಾತ್ರಿಪಾಳಿ_302: ಹಂಗಾರ ಆರಕ್ಕ ಚಾಲೂ ಮಾಡ್ರಿ.

ರೊಟ್ಟಿಅಕ್ಕ_402: ಆರಕ್ಕ ಚಾಲೂ ಮಾಡಿ ಏಳಕ್ಕ ನೂರಾ ಇಪ್ಪತ್ತು ರೊಟ್ಟಿ ನೀವು ಬಡದು ತೋರಿಸ್ರಿ. ಹೋದ ತಿಂಗಳು ರಾತ್ರಿ ಎರಡಕ್ಕ ಬಂದು ಬೈಕಿನ ಹಾರ್ನ್ ಹೊಡದು ಗೇಟ್ ತಗಸಿದವ್ರು ಯಾರು? ಆವಾಗ ನಾ ಡೆಸಿಬಲ್ ಎಣಿಸಿದ್ನೇನು?

ರಾತ್ರಿಪಾಳಿ_302: ಅದು ಒಂದ ದಿನ. ವಾಚಮನ್ ಮಲಗಿದ್ದ.

ಮೈಸೂರಿನವ_104: ಒಂದೇ ದಿನವಲ್ಲ. ನಾನು ಗೇಟಿನ ಪಕ್ಕದಲ್ಲೇ ಇರೋದು.

ಖಜಾಂಚಿ_201: ಹಾರ್ನ್ ವಿಷಯ ಬಂತಂತ ಹೇಳ್ತೀನಿ, ಗೇಟಿನ ಬೆಲ್ ರಿಪೇರಿಗೆ ರೊಕ್ಕ ಕೇಳಿ ಎರಡು ತಿಂಗಳಾತು. ಈ ಚರ್ಚಾದಾಗ ಇದ್ದವರಾಗ ಒಬ್ಬರs ಕೊಟ್ಟಾರ.

ಪ್ಲಂಬರ್‌ಅಣ್ಣ: ಆ ಒಬ್ಬ ನಾನs.

ರೊಟ್ಟಿಅಕ್ಕ_402: ನಾಳೆಯಿಂದ ಕಟ್ಟಿ ಮ್ಯಾಲನ ಚೀಲ ಹಾಸ್ತೀನಿ. ಯಾರ ನಿದ್ದಿ ಸಲುವಾಗೂ ಅಲ್ಲ, ಕಲ್ಲಿಗೆ ಬಿರುಕು ಬಿಟ್ಟದ, ಅದಕ್ಕ.

ರಾತ್ರಿಪಾಳಿ_302: ನಾಲ್ಕು ಮಡಿ ರೀ. ಎರಡಲ್ಲ.

ಗುಮ್ಮಟದ_ಓಣ್ಯಾವ: ಹಂಗಾರ ಹತ್ತು ಅಂತ ಎಲ್ಲಾರೂ ಒಪ್ಪಿದ್ರಿ.