ಅಪ್‌ಡೇಟ್: ಬ್ಲಡ್ ಮೂನ್‌ನಿಂದ ಕೊನೆಗೂ ಲಾಭ ಆಯ್ತು

ಹೋದ ವಾರ ಕೇಳಿದ್ದೆನಲ್ಲ, 'ಬ್ರೆತ್ ಆಫ್ ದ ವೈಲ್ಡ್' ವಿಡಿಯೋ ಗೇಮ್‌ನಲ್ಲಿ ಬ್ಲಡ್ ಮೂನ್ (ಚಂದ್ರ ಕೆಂಪಾಗುವ ರಾತ್ರಿ) ಬಂದಾಗೆಲ್ಲ ಕೊಂದ ಶತ್ರುಗಳು ಮತ್ತೆ ಎದ್ದು ನಿಲ್ಲುತ್ತಾರೆ, ಇದರಿಂದ ಏನಾದರೂ ಲಾಭ ಇದೆಯಾ ಅಂತ. ಇದೆ!

ನೀವು ಕೊಟ್ಟ ಸಲಹೆಗಳಲ್ಲಿ ಕೈ ಹಿಡಿದದ್ದು ಅಡುಗೆಯದು. ಆ ರಾತ್ರಿ 11:30ರಿಂದ 12:15ರೊಳಗೆ ಏನೇ ಬೇಯಿಸಿದರೂ ಆ ಊಟದ ಪರಿಣಾಮಕ್ಕೆ ಬೋನಸ್ ಖಚಿತ. ಆದರೆ ಆಟದ ಒಂದು ನಿಮಿಷ ಅಂದರೆ ನಮಗೆ ಒಂದೇ ಸೆಕೆಂಡ್, ಅಲ್ವಾ? ಮೊದಲ ಸಲ ಒಲೆ ಹುಡುಕುತ್ತಾ ಓಡುವುದರಲ್ಲೇ ಹೊತ್ತು ಕಳೆಯಿತು. ಎರಡನೇ ಸಲ ಸಂಜೆಯೇ ಸ್ಟೇಬಲ್‌ನ (ಕುದುರೆ ಲಾಯದ) ಅಡುಗೆ ಪಾತ್ರೆ ಪಕ್ಕ ನಿಂತೆ. ಹೊಡೆತದ ಬಲ ಹೆಚ್ಚಿಸುವ ಬಾಳೆಹಣ್ಣು, ಮೈಟಿ ಬನಾನಾ, ಐದು ಹಾಕಿದೆ. ಯಾವಾಗಲೂ 4 ನಿಮಿಷ 10 ಸೆಕೆಂಡ್ ಇರುತ್ತಿದ್ದ ಅಟ್ಯಾಕ್ ಪವರ್ 9 ನಿಮಿಷ 10 ಸೆಕೆಂಡ್ ಆಯಿತು! ಮುಂದಿನ ಪಾತ್ರೆಗೆ ಮಾತ್ರ ಸಮಯದ ಬದಲು ಮೂರು ಹಾರ್ಟ್ (ಜೀವದ ಅಳತೆ) ಸಿಕ್ಕಿತು. ಯಾವ ಬೋನಸ್ ಬರುತ್ತದೆ ಅನ್ನುವುದು ಅದೃಷ್ಟ.

ಆಟದಲ್ಲಿ ಮಲಗಿ ಮಲಗಿ ಬ್ಲಡ್ ಮೂನ್ ಬೇಗ ತರಿಸಿ ಅನ್ನುವ ಸಲಹೆ ಸುಳ್ಳಾಯಿತು. ನಿಜವಾಗಿ ಆಡಿದ ಸಮಯವೇ ಲೆಕ್ಕ, ಸುಮಾರು 2 ಗಂಟೆ 48 ನಿಮಿಷ. ಬೆಂಕಿ ಪಕ್ಕ ಕೂತು ರಾತ್ರಿ ಮಾಡಿಕೊಂಡರೆ ಅದು ಸೇರುವುದಿಲ್ಲ. ಸುಮ್ನೆ ಅರ್ಧ ದಿನ ಹಾಳು ಮಾಡಿಕೊಂಡೆ.

ಗೊತ್ತಿಲ್ಲದ ಇನ್ನೊಂದು ವಿಷಯ: ನೆಲದ ಮೇಲೆ ಬಿದ್ದಿದ್ದ ಆಯುಧಗಳೂ ಮತ್ತೆ ಬರುತ್ತವೆ. ತೆರೆದ ಪೆಟ್ಟಿಗೆಗಳು ಮಾತ್ರ ತುಂಬುವುದಿಲ್ಲ. ಪ್ಲಾಯ್ಮಸ್ ಬೆಟ್ಟದ ಲೈನೆಲ್ (ಸಿಂಹ ಮುಖದ ಬಲಶಾಲಿ ರಾಕ್ಷಸ) ಕೂಡ ಹಾಜರ್. ಈ ಸಲ ಬಾಳೆಹಣ್ಣು ತಿಂದೇ ಹೋದೆ, ಅವನ ಬಿಲ್ಲು ಈಗ ನನ್ನ ಬೆನ್ನ ಮೇಲಿದೆ.