ಫಾಂಟಿನ ಪರವಾನಗಿ ಟಿಪ್ಪಣಿಗೆ: ‘ಉಚಿತ’ವೋ ‘ಮುಕ್ತ’ವೋ? ಜೊತೆಗೆ ‘ಬಿಡಿ’, ‘ಅಡಕ’, ‘ಮೊಳೆ’

ನಮಸ್ಕಾರ.

ನಾನು ರೂಪಿಸಿದ ಕನ್ನಡ ಫಾಂಟೊಂದನ್ನು ಯಾರು ಬೇಕಾದರೂ ಬಳಸಿಕೊಳ್ಳಲೆಂದು ಜಾಲಕ್ಕೆ ಏರಿಸಲಿದ್ದೇನೆ. ಪರವಾನಗಿ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್, 2007ರಲ್ಲಿ ಬಂದ 1.1ನೇ ಆವೃತ್ತಿ. ಕಾನೂನಿನ ಲೆಕ್ಕಕ್ಕೆ ಬರುವುದು ಅದರ ಇಂಗ್ಲಿಷ್ ಪಠ್ಯವೇ; ಅದನ್ನು ಹಾಗೇ ಇಡುತ್ತೇನೆ. ಪಕ್ಕದಲ್ಲಿ ಇಡಬೇಕೆಂದಿರುವ ಒಂದು ಪುಟದ ಕನ್ನಡ ಟಿಪ್ಪಣಿಯಲ್ಲಿ ಕೆಲವು ಪದಗಳು ತಕರಾರು ತೆಗೆದಿವೆ.

ಮೊದಲನೆಯದು ‘ಉಚಿತ’. ‘ಉಚಿತ ಫಾಂಟ್’ ಎಂದರೆ ದುಡ್ಡು ಕೊಡಬೇಕಿಲ್ಲ ಎಂಬುದಷ್ಟೇ ತಿಳಿಯುತ್ತದೆ. ಜಾಲದಲ್ಲಿ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದಾದ ಎಷ್ಟೋ ಫಾಂಟುಗಳು ಸ್ವಂತ ಬಳಕೆಗೆ ಮಾತ್ರ; ಮಾರಾಟದ ಪುಸ್ತಕದ ಮುಖಪುಟಕ್ಕೆ ಹಾಕಬೇಕಾದರೆ ಬೇರೆ ಪರವಾನಗಿ ಕೊಳ್ಳಬೇಕು. ವಿಂಡೋಸ್ ಜೊತೆ ಬರುವ ತುಂಗಾ ಫಾಂಟಿಗೂ ನಾವು ಪ್ರತ್ಯೇಕವಾಗಿ ದುಡ್ಡು ಕೊಡುವುದಿಲ್ಲ, ಹಾಗೆಂದು ಅದನ್ನು ತಿದ್ದಿ ಹಂಚುವಂತಿಲ್ಲ. ಓಪನ್ ಫಾಂಟ್ ಲೈಸೆನ್ಸ್‌ನಲ್ಲೇ ಇರುವ ನೋಟೋ ಸಾನ್ಸ್ ಕನ್ನಡ ಫಾಂಟಿನ ಮಾತು ಬೇರೆ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿದೆ ಎನಿಸಿದರೆ ಫಾಂಟನ್ನು ಬಿಚ್ಚಿ, ಒತ್ತನ್ನು ಒಂದಿಷ್ಟು ಮೇಲೆತ್ತಿ, ಅದೇ ಪರವಾನಗಿಯಲ್ಲಿ ಮತ್ತೆ ಹಂಚಬಹುದು. ಇವೆಲ್ಲಕ್ಕೂ ‘ಉಚಿತ’ ಎಂಬ ಒಂದೇ ಹಣೆಪಟ್ಟಿ ಸಾಲದು. ‘ಪುಕ್ಕಟೆ’ಯಲ್ಲಿ ಸದರ ಜಾಸ್ತಿ; ‘ಬಿಟ್ಟಿ’ಗಂತೂ ಮರ್ಯಾದೆಯೇ ಇಲ್ಲ.

ಹಾಗಾಗಿ ‘ಮುಕ್ತ’ದ ಕಡೆಗೆ ವಾಲಿದ್ದೇನೆ. ‘ಮುಕ್ತ ತಂತ್ರಾಂಶ’ ಆಗಲೇ ರೂಢಿಯಲ್ಲಿದೆ. ಆದರೆ ಈ ಪದ ಹಿಂದೆ ಬಂದರೆ ಅರ್ಥ ತಿರುಗುತ್ತದೆ: ‘ಶುಲ್ಕಮುಕ್ತ’, ‘ಹೊಗೆಮುಕ್ತ’. ‘ಫಾಂಟ್‌ಮುಕ್ತ ತಾಣ’ ಎಂದು ಯಾರಾದರೂ ಬರೆದರೆ ಫಾಂಟೇ ಇಲ್ಲದ ತಾಣವಾದೀತು! ‘ಮುಕ್ತ ಫಾಂಟ್’ ಎಂದು ಮುಂದೆ ಇಟ್ಟು, ‘ದುಡ್ಡು ಕೊಡಬೇಕಿಲ್ಲ’ ಎನ್ನುವುದನ್ನು ಬೇರೆ ವಾಕ್ಯದಲ್ಲಿ ಹೇಳುವುದು ನನಗೆ ಸರಿಯೆನಿಸುತ್ತದೆ.

ಇದಕ್ಕಿಂತ ತೊಡಕಿನದು ಮಾರಾಟದ ಷರತ್ತು. ಫಾಂಟನ್ನು ಯಾವುದಾದರೂ ತಂತ್ರಾಂಶದ ಜೊತೆ ಕೂಡಿಸಿ ಮಾರಬಹುದು, ಅದೊಂದನ್ನೇ ಮಾರುವಂತಿಲ್ಲ. ‘ಬಿಡಿಯಾಗಿ ಮಾರುವಂತಿಲ್ಲ’ ಎಂದು ಬರೆದೆ. ಕರಡು ಓದಿದ ಗೆಳೆಯರು ‘ಹಾಗಾದರೆ ಸಗಟು ವ್ಯಾಪಾರಕ್ಕೆ ಅಡ್ಡಿಯಿಲ್ಲವೇ?’ ಎಂದರು. ತಮಾಷೆಗೇ ಕೇಳಿದ್ದು, ಆದರೆ ಪರವಾನಗಿಯ ಮಾತಿನಲ್ಲಿ ಇಂಥ ಸಂದು ಬಿಡುವಂತಿಲ್ಲವಲ್ಲ. ‘ಪ್ರತ್ಯೇಕವಾಗಿ’ ಎಂದರೂ ಪೂರ್ತಿ ಹಿಡಿತ ಸಿಗುವುದಿಲ್ಲ. ಸದ್ಯಕ್ಕೆ ‘ಫಾಂಟನ್ನಷ್ಟೇ ಮಾರುವಂತಿಲ್ಲ’ ಎಂದು ಇಟ್ಟಿದ್ದೇನೆ. ಚೊಕ್ಕ ಪದವಿದ್ದರೆ ಹೇಳಿ.

ಪಿಡಿಎಫ್ ಒಳಗೆ ಫಾಂಟನ್ನು ಕೂರಿಸುವುದಕ್ಕೆ ‘ಅಡಕಗೊಳಿಸು’ ಎನ್ನುವುದನ್ನು ಕಂಡಿದ್ದೇನೆ. ‘ಅಡಕ’ ಎಂದೊಡನೆ ಹಿಂಡಿ ಚಿಕ್ಕದು ಮಾಡಿದ ಕಡತದ ನೆನಪಾಗುತ್ತದೆ. ‘ಸೇರಿಸು’ ಎಂದರೆ ತಂತ್ರಾಂಶದ ಜೊತೆ ಕೂಡಿಸುವುದರೊಂದಿಗೆ ಗೊಂದಲ. ‘ಹುದುಗಿಸು’ ಇಷ್ಟವಾಯಿತು: ‘ಈ ಫಾಂಟನ್ನು ಹುದುಗಿಸಿದ ಮಾತ್ರಕ್ಕೆ ನಿಮ್ಮ ಪುಸ್ತಕಕ್ಕೆ ಫಾಂಟಿನ ಪರವಾನಗಿ ಅಂಟಿಕೊಳ್ಳುವುದಿಲ್ಲ.’

ತಿದ್ದಿದ ಫಾಂಟಿಗೆ ಇಡಬಾರದೆಂದು ಮೂಲ ವಿನ್ಯಾಸಕ ಕಾದಿಟ್ಟುಕೊಂಡ ಹೆಸರಿಗೆ ‘ಮೀಸಲು ಹೆಸರು’ ಸಾಕಲ್ಲವೇ? ಬರೀ ಫಾರ್ಮ್ಯಾಟ್ ಬದಲಿಸಿದರೂ ಅದು ತಿದ್ದುಪಡಿ ಎಂದೇ ಲೆಕ್ಕ. ಮೂಲದವರ ಒಪ್ಪಿಗೆಯಿಲ್ಲದೆ ಆ ಹೆಸರು ಹಾಕುವಂತಿಲ್ಲ. ಇದನ್ನು ಓದುಗರಿಗೆ ಒತ್ತಿ ಹೇಳಬೇಕಾಗಿದೆ.

ಕೊನೆಯದಾಗಿ ಗ್ಲಿಫ್, ಅಂದರೆ ಫಾಂಟಿನೊಳಗೆ ಬರೆದಿಟ್ಟ ಒಂದೊಂದು ಆಕಾರ. ಗಣಕದಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಗೊತ್ತುಮಾಡುವ ಯೂನಿಕೋಡ್ ಕನ್ನಡಕ್ಕೆ ಕೊಟ್ಟಿರುವ ವಿಭಾಗದಲ್ಲಿ 128 ಮನೆಗಳಷ್ಟೇ ಇವೆ, ಅವೂ ಎಲ್ಲ ತುಂಬಿಲ್ಲ. ಫಾಂಟಿನೊಳಗೆ ಮಾತ್ರ ಗುಣಿತ, ಒತ್ತು, ಅರ್ಕಾವೊತ್ತು, ತಲೆಕಟ್ಟಿಲ್ಲದ ರೂಪ ಎಂದು ನೂರಾರು ಆಕಾರಗಳು. ‘ಈ ಫಾಂಟಿನಲ್ಲಿ ಇಷ್ಟು ನೂರು ಅಕ್ಷರಗಳಿವೆ’ ಎಂದರೆ ಒಂದನೇ ತರಗತಿಯ ಮಗುವೂ ನಕ್ಕೀತು. ‘ಅಕ್ಷರರೂಪ’ ಎನ್ನೋಣವೆಂದರೆ ‘ಸ್ತ್ರೀ’ ಬರೆಯುವಾಗ ‘ಸೀ’ ಕೆಳಗೆ ಬರುವ ಒತ್ತುಗಳು ತಾವೇ ಪೂರ್ತಿ ಅಕ್ಷರಗಳಲ್ಲ. ಅಚ್ಚುಕೂಟದವರು ಲೋಹದ ಅಚ್ಚಿಗೆ ಹೇಳುತ್ತಿದ್ದ ‘ಮೊಳೆ’ಯನ್ನೇ ಯಾಕೆ ತರಬಾರದು? ಒತ್ತಿಗೂ ಬೇರೆ ಮೊಳೆ ಇರುತ್ತಿತ್ತು, ಜೋಡಿಸುವವರು ಅದನ್ನು ಹುಡುಕಿ ಇಡುತ್ತಿದ್ದರು. ಅರ್ಥ ಬಹುಪಾಲು ಹೊಂದುತ್ತದೆ. ಇಂದಿನ ಓದುಗರಿಗೆ ಗೋಡೆಗೆ ಹೊಡೆಯುವ ಮೊಳೆಯೇ ಮೊದಲು ಕಣ್ಣಿಗೆ ಬಂದೀತೆಂಬ ಅಳುಕು ಮಾತ್ರ ಇದೆ. ಮೊಳೆ ಜೋಡಿಸಿ ಅನುಭವವಿರುವವರು, ಒತ್ತಿನ ಮೊಳೆಗೆ ಕೆಲಸದ ಮಾತಿನಲ್ಲಿ ಬೇರೆ ಹೆಸರೇನಾದರೂ ಇತ್ತೇ, ದಯವಿಟ್ಟು ತಿಳಿಸಿ.