ಹಳೇ ಮ್ಯಾಕ್ರೋ (ಹತ್ತಿರದಿಂದ ತೆಗೆಯೋ) ಲೆನ್ಸಲ್ಲಿ ಹುಳುವೂ ಬೆಟ್ಟವೂ ಬರುತ್ತಾ? ಬಳಸಿದವರು ಹೇಳಿ

ಶಿಡ್ಲಘಟ್ಟದಿಂದ: ನಮ್ಮನೇಲಿ ರೇಷ್ಮೆ ಬೆಳೆ ಇದೆ. ಚಂದ್ರಿಕೆ ಮೇಲೆ ಹುಳು ಗೂಡು ಕಟ್ಟೋದನ್ನ ಹತ್ತಿರದಿಂದ ತೆಗೀಬೇಕು, ಅದೇ ಲೆನ್ಸಲ್ಲಿ ನಂದಿಬೆಟ್ಟವೂ ಬರಬೇಕು. ಕ್ಯಾಮೆರಾ ಸೋನಿ ಮಿರರ್‌ಲೆಸ್, ಎಪಿಎಸ್-ಸಿ ಅನ್ನೋ ಚಿಕ್ಕ ಸೆನ್ಸರ್. ನಿಕಾನ್‌ನ ಹಳೇ ಮೈಕ್ರೋ (ಮ್ಯಾಕ್ರೋಗೆ ಅವರಿಟ್ಟ ಹೆಸರು) 55 ಎಂಎಂ ಎಫ್/3.5 ಒಂದು ಸಿಗ್ತಿದೆ. ಮ್ಯಾಕ್ರೋ ಲೆನ್ಸು ದೂರಕ್ಕೆ ಮಂಕು ಅಂತ ಒಬ್ಬರು ಹೆದರಿಸಿದ್ದಾರೆ. ತಗೋಬಹುದಾ?

ಚಿಕ್ಕಬಳ್ಳಾಪುರದಿಂದ: ಧಾರಾಳವಾಗಿ ತಗೊಳ್ಳಿ ಸರ್. ಅದೇ ಲೆನ್ಸು ಆರು ವರ್ಷದಿಂದ ನನ್ನ ಹತ್ರ ಇದೆ. ಅವರ ಮಾತಲ್ಲೂ ಸ್ವಲ್ಪ ನಿಜ ಇದೆ. ಇದನ್ನ ಹದಮಾಡಿರೋದೇ ಹತ್ತಿರದ ವಸ್ತುವಿಗೆ. ಬೆಟ್ಟಕ್ಕೆ ಎಫ್/3.5ರಲ್ಲೇ, ಅಂದರೆ ಅಪರ್ಚರ್ ಕಿಂಡಿ ಪೂರ್ತಿ ತೆರೆದು, ಹೊಡೆದರೆ ಚಿತ್ರದ ಮೂಲೆಗಳು ಮಸುಕು. ಕಿಂಡಿ ಕಿರಿದು ಮಾಡಿ ಎಫ್/8ಕ್ಕೆ ತಂದರೆ ಬಂಡೆಯ ಬಿರುಕೂ ಕಾಣುತ್ತೆ. ಮುಂದಿನ ಗಾಜು ಆಳದಲ್ಲಿರೋದರಿಂದ ಬೆಳಗಿನ ಓರೆ ಬಿಸಿಲಿಗೂ ಅಷ್ಟಾಗಿ ಬೆದರಲ್ಲ.

ನನಗೆ ಕೈಕೊಟ್ಟಿದ್ದು ನಿಕಾನ್ ಲೆನ್ಸನ್ನ ಸೋನಿಗೆ ಕೂರಿಸೋ ಅಗ್ಗದ ಅಡಾಪ್ಟರ್ ಬಳೆ. ನಿಕಾನ್ ಲೆನ್ಸಿಗೆ ಸೆನ್ಸರ್‌ನಿಂದ 46.5 ಮಿ.ಮೀ. ದೂರ ಬೇಕು, ಸೋನಿಯಲ್ಲಿ ಇರೋದು 18. ಮಿಕ್ಕ 28.5 ಮಿ.ಮೀ. ಅಡಾಪ್ಟರ್ ತುಂಬಬೇಕು. ಅದು ಕೂದಲೆಳೆಯಷ್ಟು ದಪ್ಪ ಆದರೂ ಹುಳು ಚೆನ್ನಾಗೇ ಬರುತ್ತೆ, ಬೆಟ್ಟ ಮಾತ್ರ ಫೋಕಸ್ ಆಗಲ್ಲ. ಮೂರು ತಿಂಗಳು ಸುಮ್ಮನೆ ಲೆನ್ಸನ್ನ ಬೈದುಕೊಂಡೆ. ತುಸು ತೆಳು ಆದರೆ ಚಿಂತೆ ಇಲ್ಲ. ರಿಂಗನ್ನ ಕೊನೆವರೆಗೆ ತಿರುಗಿಸಿಬಿಡದೆ, ಪರದೆಯಲ್ಲಿ ಹಿಗ್ಗಿಸಿ ನೋಡಿ ನಿಲ್ಲಿಸಿ.

ಹುಳುವಿನ ವಿಷಯ. ಈ ಲೆನ್ಸು ಒಂಟಿಯಾಗಿ ಅರ್ಧ ಗಾತ್ರಕ್ಕೆ ಮಾತ್ರ ಹೋಗುತ್ತೆ, ಅಂದರೆ ಸೆನ್ಸರ್ ಮೇಲೆ ವಸ್ತು ತನ್ನ ಅರ್ಧದಷ್ಟು ಬೀಳುತ್ತೆ. ನಿಮ್ಮ ಸೆನ್ಸರಲ್ಲಿ ಆಗ ಸುಮಾರು 47 ಮಿ.ಮೀ. ಅಗಲದ ಜಾಗ ಫ್ರೇಮ್ ತುಂಬುತ್ತೆ. ಗೂಡಿಗೆ ಅಷ್ಟು ಸಾಕೋ ಸಾಕು. ಮೊಟ್ಟೆ ತೆಗೀಬೇಕಾದರೆ ಲೆನ್ಸಿನ ಹಿಂದೆ 27.5 ಮಿ.ಮೀ. ಎಕ್ಸ್‌ಟೆನ್ಷನ್ ಟ್ಯೂಬ್ (ಗಾಜಿಲ್ಲದ ಟೊಳ್ಳು ಕೊಳವೆ) ಸೇರಿಸಿ, ಪೂರ್ತಿ ಗಾತ್ರ ಸಿಗುತ್ತೆ. ಆದರೆ ಟ್ಯೂಬ್ ಇರೋವಾಗ ಬೆಟ್ಟ ಮರೆತುಬಿಡಿ. ಅರ್ಧ ಗಾತ್ರದಲ್ಲೇ ಒಂದು ಸ್ಟಾಪಿಗಿಂತ, ಅಂದರೆ ಅರ್ಧಕ್ಕಿಂತ, ತುಸು ಹೆಚ್ಚು ಬೆಳಕು ಕಮ್ಮಿಯಾಗುತ್ತೆ, ಹುಳುಮನೆಯಲ್ಲಿ ಮೊದಲೇ ಕತ್ತಲು. ನೂಲು ಬಿಡೋ ಹುಳು ತಲೆಯನ್ನ ಎಂಟರ ಆಕಾರದಲ್ಲಿ ಆಡಿಸ್ತಾನೇ ಇರುತ್ತೆ. ರಿಂಗ್ ಮುಟ್ಟದೆ ಕ್ಯಾಮೆರಾನೇ ಹಿಂದೆ ಮುಂದೆ ಮಾಡಿ ಹಿಡೀರಿ. ಚಂದ್ರಿಕೆಯನ್ನ ಬಾಗಿಲ ಹತ್ತಿರ ತಂದರೆ ಇನ್ನೂ ಒಳ್ಳೇದು.

ಶಿರಾದಿಂದ: ದೂರ ಅಂದರೆ ಬೆಟ್ಟ ಆದರೆ ಸರಿ ಅಣ್ಣ, ಹಕ್ಕಿ ಆದರೆ ಬೇರೆ ಮಾತು. ಟ್ಯಾಮ್ರಾನ್ 90 ಎಂಎಂ ಎಫ್/2.5 ಹಿಡಿದು ಕಗ್ಗಲಡುವಿಗೆ ಹೋಗಿದ್ದೆ. ಹುಣಸೆಮರದ ಮೇಲಿನ ಬಣ್ಣದ ಕೊಕ್ಕರೆಗಳು ಚುಕ್ಕಿಗಳಾಗಿ ಬಂದವು. ಮರ, ಊರು, ಆಕಾಶ ಮಾತ್ರ ಬಲು ಚೆನ್ನ. ಆ 90 ಎಂಎಂ ಲೆನ್ಸಲ್ಲಿ ಹುಳುವಿನಿಂದ ಸ್ವಲ್ಪ ದೂರ ನಿಲ್ಲಬಹುದು, ನಿಮ್ಮ ನೆರಳು ಬೀಳಲ್ಲ.

ಕೋಲಾರದಿಂದ: ಕೊಳ್ಳೋ ಮುಂಚೆ ಟಾರ್ಚ್ ಬಿಟ್ಟು ಒಳಗೆ ಫಂಗಸ್ ನೋಡಿ. ಅದೇ 55 ಎಂಎಂನ ಎಫ್/2.8 ಮಾದರಿ ತೋರಿಸಿದರೆ ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಬಂದಿದೆಯಾ ನೋಡಿ, ಅದಕ್ಕೆ ಆ ರೋಗ ಜಾಸ್ತಿ. ಅಡಾಪ್ಟರ್ ಜೊತೇಲೇ ಒಯ್ದು, ಬೀದಿ ಕೊನೆಯ ಬೋರ್ಡಿಗೆ ಫೋಕಸ್ ಆದಮೇಲೇ ದುಡ್ಡು ಕೊಡಿ.